ಆಶ್ರಯವಿತ್ತ ನೆಲದ ಹಬ್ಬಗಳು

ಚರಿತ್ರೆ ಎಂದೊಡನೆ ನಮ್ಮ ಮಕ್ಕಳಿಗೆ ಅರಸರ ಹೆಸರುಗಳೂ ಯುದ್ಧಗಳ ಇಸವಿಗಳೂ ನೆನಪಾಗುವುವು. ಅವು ಬೇಕಾದುವೇ, ಅವಿಲ್ಲದೆ ಚರಿತ್ರೆಗೆ ಎಲುಬಿಲ್ಲ. ಆದರೆ ಯಾವ ತಿಥಿಯಂದು ಯಾವ ಊರಿನ ಜನ ಯಾವ ದೇವರ ಅಂಗಳದಲ್ಲಿ ಕೂಡಿದರು, ಯಾರ ಮನೆಯ ಹಬ್ಬದ ತಿಂಡಿ ಯಾರ ಬಾಗಿಲಿಗೆ ಹೋಯಿತು, ಕಷ್ಟ ಬಂದಾಗ ಯಾರು ಯಾರಿಗೆ ಜಾಗ ಕೊಟ್ಟರು ಎಂಬುವೂ ಚರಿತ್ರೆಯ ಸಂಗತಿಗಳೇ ಸರಿ. ಪಠ್ಯಪುಸ್ತಕದಲ್ಲಿ ಇವುಗಳಿಗೆ ಸ್ಥಳ ಸಾಲದು. ಆದುದರಿಂದ ಅಂತಹ ಕೆಲವು ಸಂಗತಿಗಳನ್ನು ಶಿಕ್ಷಕ ಬಂಧುಗಳ ಹಾಗೂ ಮೇಲಿನ ತರಗತಿಗಳ ವಿದ್ಯಾರ್ಥಿಗಳ ಮುಂದೆ ಇಡಬೇಕೆಂದು ಬಯಸಿದ್ದೇವೆ.

ಗೋವೆಯ ಫೋಂಡಾ ತಾಲೂಕಿನ ಉಸಗಾಂವದ ಪರಿಸರವನ್ನು ಕಣ್ಣ ಮುಂದಿಟ್ಟುಕೊಂಡು ನಾವು ಇದನ್ನು ಬರೆಯುತ್ತಿದ್ದೇವೆ. ಪಣಜಿಯಿಂದ ಫೋಂಡಾದ ಮೇಲೆ ಹಾದು ಬೆಳಗಾವಿಯ ಕಡೆಗೆ ಹೋಗುವ ಹೆದ್ದಾರಿಯು ಖಾಂಡೆಪಾರದ ಬಳಿ ನದಿಯನ್ನು ದಾಟಿ ಉಸಗಾಂವವನ್ನು ಸೇರುವುದು. ಮುಂದೆ ಧಾರಬಾಂದೋಡಾ, ಮೊಲೆಂ ಗ್ರಾಮಗಳನ್ನು ಕಳೆದು ಅನಮೋಡ ಘಟ್ಟವನ್ನೇರಿ ಕರ್ನಾಟಕವನ್ನು ಹೊಗುವುದು. ಇದೇ ದಾರಿಯನ್ನು ಹಿಡಿದು ನಮ್ಮ ಜನ ಹೊಟ್ಟೆಯ ಪಾಡಿಗಾಗಿ ಘಟ್ಟವನ್ನಿಳಿದು ಬಂದರು. ಗಣಿಯ ಲಾರಿಗಳಲ್ಲಿ, ಕಾರ್ಖಾನೆಗಳಲ್ಲಿ, ಕಟ್ಟಡದ ಕೆಲಸಗಳಲ್ಲಿ, ಸಣ್ಣ ಅಂಗಡಿಗಳಲ್ಲಿ ದುಡಿದರು. 2012ರಲ್ಲಿ ಗಣಿಗಾರಿಕೆ ನಿಂತಾಗ ಹಿಂದಿರುಗಿದವರುಂಟು. ಬೇರೆ ಕಸುಬನ್ನು ಹಿಡಿದು ನಿಂತವರೂ ಉಂಟು. ನಿಂತವರ ಮಕ್ಕಳು ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ಕೊಂಕಣಿಯನ್ನೂ ಆಡುತ್ತ ಬೆಳೆಯುತ್ತಿದ್ದಾರೆ.

ಇಂತಹ ಮನೆಯ ವಿದ್ಯಾರ್ಥಿಯೊಬ್ಬನು 'ನಾನು ಕಂಡ ಜಾತ್ರೆ' ಎಂಬ ಪ್ರಬಂಧವನ್ನು ಬರೆದು ನಮಗೆ ತೋರಿಸಿದನು. ದೀಪಸ್ತಂಭ, ಪಲ್ಲಕ್ಕಿ, ಅಂಗಡಿಗಳ ಸಾಲು, ಬೆಲ್ಲದ ಖಾಜೆ, ಎಲ್ಲವೂ ಅದರಲ್ಲಿದ್ದುವು. ತನ್ನ ಕ್ರೈಸ್ತ ಗೆಳೆಯನು ಜಾತ್ರೆಗೆ ಜೊತೆಯಾಗಿ ಬಂದುದನ್ನೂ, ಕ್ರಿಸ್‌ಮಸ್ಸಿನಲ್ಲಿ ಆ ಗೆಳೆಯನ ಮನೆಯ ಗೋದಲಿಯನ್ನು ನೋಡಲು ತಾನು ಹೋದುದನ್ನೂ ಅವನು ಪ್ರೀತಿಯಿಂದ ಬರೆದಿದ್ದನು. ಆದರೆ ಕೊನೆಯಲ್ಲಿ ಎರಡು ಪ್ರಶ್ನೆಗಳಿದ್ದುವು. "ಈ ಗುಡಿಯ ದೇವರನ್ನು ಹಿಂದೆ ಕ್ರೈಸ್ತ ದೊರೆಗಳ ಭಯದಿಂದ ಹೊಳೆ ದಾಟಿಸಿ ತಂದರಂತೆ, ಹಾಗಾದರೆ ನಮ್ಮಿಬ್ಬರ ಗೆಳೆತನ ಸರಿಯೆ?" ಎಂಬುದು ಮೊದಲನೆಯದು. "ಜಾತ್ರೆಯಲ್ಲಿ ಒಬ್ಬರು ನಮ್ಮನ್ನು ಘಾಟಿಗಳು ಎಂದು ಕರೆದರು, ಇದು ನಮ್ಮ ಜಾತ್ರೆ ಹೌದೋ ಅಲ್ಲವೋ?" ಎಂಬುದು ಎರಡನೆಯದು.

ಇವು ನಕ್ಕು ಬಿಡುವ ಪ್ರಶ್ನೆಗಳಲ್ಲ. ಎಲ್ಲ ದೇವರೂ ಒಂದೇ ಎಂದು ಹೇಳಿ ಹುಡುಗನ ಬೆನ್ನು ತಟ್ಟಿ ಕಳುಹಿಸುವುದು ಸುಲಭ. ಆದರೆ ಅವನು ಕೇಳಿದುದಕ್ಕೆ ಅದು ಉತ್ತರವಾಗದು. ಗುಡಿಗಳು ಬಿದ್ದುದು ನಿಜ. ಘಟ್ಟದ ಮೇಲಿನವರೆಂಬ ಅರ್ಥದ ಆ ಮಾತನ್ನು ಹೀಯಾಳಿಕೆಯಾಗಿ ಬಳಸುವವರಿರುವುದೂ ನಿಜ. ನಿಜವನ್ನು ಮುಚ್ಚಿ ಕಟ್ಟಿದ ಸ್ನೇಹವು ಮೊದಲ ಜಗಳದಲ್ಲಿಯೇ ಮುರಿದುಬೀಳುವುದು. ಆದುದರಿಂದ ನಡೆದುದನ್ನು ನಡೆದಂತೆಯೇ ಹೇಳಿ, ಅದರೊಳಗಿಂದ ಉತ್ತರವನ್ನು ಹುಡುಕುವುದು ಲೇಸು.

ಮೊದಲನೆಯ ಪ್ರಶ್ನೆಯನ್ನು ಎತ್ತಿಕೊಳ್ಳೋಣ. 1510ನೆಯ ಇಸವಿಯಲ್ಲಿ ಪೋರ್ತುಗೀಜರ ಆಲ್ಬುಕರ್ಕನು ಬಿಜಾಪುರದ ಆದಿಲ್ ಶಾಹಿಗಳಿಂದ ಗೋವೆಯ ನಗರವನ್ನೂ ಅದರ ಸುತ್ತಣ ತಿಸವಾಡಿಯನ್ನೂ ಗೆದ್ದುಕೊಂಡನು. 1543ರಲ್ಲಿ ಉತ್ತರದ ಬಾರ್ದೇಸವೂ ದಕ್ಷಿಣದ ಸಾಷ್ಟಿಯೂ ಪೋರ್ತುಗೀಜರ ವಶವಾದುವು. ಆರಂಭದಲ್ಲಿ ಹೊಸ ದೊರೆಗಳು ಜನರ ದೇವಸ್ಥಾನಗಳ ಗೊಡವೆಗೆ ಹೆಚ್ಚಾಗಿ ಹೋಗಲಿಲ್ಲ. ಆದರೆ 1540ರ ಸುಮಾರಿಗೆ ಧೋರಣೆ ಬದಲಾಯಿತು. ಆ ಕಾಲದಲ್ಲಿ ತಿಸವಾಡಿಯ ಗುಡಿಗಳೂ, 1560ರ ದಶಕದಲ್ಲಿ ಸಾಷ್ಟಿಯ ಗುಡಿಗಳೂ ನೆಲಸಮವಾದುವು. 1560ರಲ್ಲಿ ಇಂಕ್ವಿಝಿಶನ್ ಎಂಬ ಧಾರ್ಮಿಕ ವಿಚಾರಣಾ ನ್ಯಾಯಾಲಯವು ಗೋವೆಯಲ್ಲಿ ನೆಲೆಯೂರಿತು. 1774ರಿಂದ 1778ರವರೆಗಿನ ಬಿಡುವನ್ನುಳಿದರೆ 1812ರವರೆಗೂ ಅದು ಇದ್ದಿತು.

ಆಗ ಸಾಷ್ಟಿಯ ಭಕ್ತರು ತಮ್ಮ ದೇವರನ್ನು ಹೊತ್ತು ಹೊರಟರು. ಜುವಾರಿ ನದಿಯ ಆಚೆಗೆ ಅಂತ್ರುಜ್ ಮಹಾಲು ಇದ್ದಿತು. ಅದೇ ಇಂದಿನ ಫೋಂಡಾ ತಾಲೂಕು. ಕುಶಸ್ಥಳಿ ಎಂದರೆ ಇಂದಿನ ಕುಠ್ಠಾಳಿ. ಅಲ್ಲಿದ್ದ ಮಂಗೇಶನು 1560ರಲ್ಲಿ ಪ್ರಿಯೋಳಕ್ಕೆ ಬಂದನು. ಕೆಳಶಿಯ ಶಾಂತಾದುರ್ಗೆ ಕವಳೆಗೆ ಬಂದಳು. ವೆರ್ಣೆಯ ಮಹಾಲಸೆ ಮಾರ್ದೋಳಕ್ಕೂ, ಲೋಟಲಿಯ ರಾಮನಾಥನು ಬಾಂದಿವಡೆಗೂ ಬಂದರು. ದೇವರೊಡನೆ ಹೆಸರುಗಳೂ ಹೊಳೆ ದಾಟಿದುವು. ಮಂಗೇಶನು ನಿಂತ ನೆಲ ಮಂಗೇಶಿಯಾಯಿತು. ರಾಮನಾಥನು ನಿಂತ ನೆಲ ರಾಮನಾಥಿಯಾಯಿತು. ಮಾರ್ದೋಳವೆಂಬ ಹೆಸರಂತೂ ವೆರ್ಣೆಯಲ್ಲಿಯೇ ಮೊದಲಿದ್ದು ಮಹಾಲಸೆಯ ಜೊತೆಯಲ್ಲಿ ಇಲ್ಲಿಗೆ ಬಂದುದು. ಇಂದು ಪ್ರವಾಸಿಗಳು ಬೆರಗಿನಿಂದ ನೋಡುವ ಫೋಂಡಾದ ಹಲವು ದೊಡ್ಡ ದೇವಾಲಯಗಳ ಮೂಲಕಥೆಯು ಹೀಗೆ ನೆಲೆ ತಪ್ಪಿ ಬಂದವರ ಕಥೆಯಾಗಿದೆ.

ಈಗ ವಿದ್ಯಾರ್ಥಿಗಳು ಒಂದು ಮಾತನ್ನು ಗಮನಿಸಬೇಕು. ಆ ಕಾಲದಲ್ಲಿ ಅಂತ್ರುಜ್ ಮಹಾಲು ಯಾರದಾಗಿತ್ತು? ಬಿಜಾಪುರದ ಸುಲ್ತಾನನದು. ಇಂದಿನ ವಿಜಯಪುರದಲ್ಲಿ ರಾಜಧಾನಿಯಿದ್ದ ಮೊದಲನೆಯ ಅಲಿ ಆದಿಲ್ ಶಾಹನು 1558ರಿಂದ 1580ರವರೆಗೆ ಆಳಿದನು. 1565ರಲ್ಲಿ ವಿಜಯನಗರದ ಸೈನ್ಯವನ್ನು ಮುರಿದ ಸುಲ್ತಾನರಲ್ಲಿ ಇವನೂ ಒಬ್ಬನು. ಹಂಪೆಯ ಹಾಳನ್ನು ಕಂಡ ಕನ್ನಡಿಗನು ಅದನ್ನು ಮರೆಯಲಾರನು. ಅದೇ ದಶಕದಲ್ಲಿ ಅವನ ಆಳ್ವಿಕೆಯ ನೆಲದಲ್ಲಿಯೇ ಮಂಗೇಶನಿಗೂ ಶಾಂತಾದುರ್ಗೆಗೂ ನೆಲೆ ದೊರೆಯಿತು. ಫೋಂಡಾದ ಸಫಾ ಮಸೀದಿಯೂ 1560ರಲ್ಲಿ ಕಟ್ಟಿದುದೆಂದು ಹೇಳುವರು. ಅದರ ಪಕ್ಕದ ಕಲ್ಲಿನ ಕೆರೆಯನ್ನೂ, ಕೆರೆಯ ಗೋಡೆಗಳಲ್ಲಿ ಸಾಲಾಗಿ ಕೊರೆದ ಬಿಜಾಪುರದ ಮಾದರಿಯ ಕಮಾನುಗಳನ್ನೂ ಇಂದಿಗೂ ನೋಡಬಹುದು. ಒಂದೇ ಮಹಾಲಿನಲ್ಲಿ, ಒಂದೇ ಕಾಲದಲ್ಲಿ, ಮಸೀದಿಯೂ ಎದ್ದಿತು, ಹೊಳೆ ದಾಟಿ ಬಂದ ದೇವರಿಗೂ ಸೂರು ಎದ್ದಿತು. ಒಬ್ಬ ಅರಸನ ಚರಿತ್ರೆಗೆ ಒಂದೇ ಬಣ್ಣವನ್ನು ಬಳಿಯಲಾಗದೆಂಬುದನ್ನು ಮಕ್ಕಳಿಗೆ ತಿಳಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಸಿಕ್ಕದು.

ದೇವರನ್ನು ಹೊತ್ತು ಹೊರಟವರ ಮಾತಾಯಿತು. ಊರಲ್ಲಿ ಉಳಿದವರಾರು? ಮೊದಲನೆಯ ಪ್ರಶ್ನೆಯ ಬೇರು ಇಲ್ಲಿದೆ. ಉಳಿದವರು ಕಡಲಾಚೆಯಿಂದ ಬಂದವರಲ್ಲ. ಅದೇ ಊರಿನ ಒಕ್ಕಲುಗಳು. ಹೊಲಗದ್ದೆಗಳನ್ನು ಹೊತ್ತುಕೊಂಡು ಹೋಗಲು ಬರುವುದಿಲ್ಲ. ಮುದುಕರನ್ನೂ ಹಸುಗೂಸುಗಳನ್ನೂ ಕಟ್ಟಿಕೊಂಡು ಗೊತ್ತಿಲ್ಲದ ನೆಲಕ್ಕೆ ಹೊರಡುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಹೀಗೆ ಉಳಿದವರಲ್ಲಿ ಬಹುಮಂದಿ ಕ್ರೈಸ್ತರಾದರು. ಕೆಲವರು ಬಲವಂತದಿಂದ, ಕೆಲವರು ಅನುಕೂಲಕ್ಕಾಗಿ, ಕೆಲವರು ನಂಬಿಕೆಯಿಂದಲೇ. ಒಂದೇ ಮನೆತನದ ಅಣ್ಣನು ದೇವರ ಹಿಂದೆ ಹೋಗಿ ತಮ್ಮನು ಗದ್ದೆಯ ಹಿಂದೆ ಉಳಿದುದೂ ಉಂಟು. ಹಾಗಿರುವಾಗ ಇಂದಿನ ಕ್ರೈಸ್ತ ಗೆಳೆಯನನ್ನು ಗುಡಿ ಕೆಡವಿದವರ ವಂಶದವನೆಂದು ಎಣಿಸುವುದು ಚರಿತ್ರೆಗೆ ವಿರುದ್ಧವಾದುದು. ಗುಡಿಯನ್ನು ಕಳೆದುಕೊಂಡವರಲ್ಲಿ ಅವನ ಹಿರಿಯರೂ ಸೇರಿದ್ದರು.

ಸಾಷ್ಟಿಯ ಕುಂಕಳ್ಳಿ ಗ್ರಾಮದ ವೃತ್ತಾಂತವು ಇದಕ್ಕೆ ಸಾಕ್ಷಿ. ಅಲ್ಲಿಯ ಜನ ಗುಡಿಯ ನಾಶವನ್ನು ಸಹಿಸದೆ ತಿರುಗಿ ಬಿದ್ದರು. 1583ನೆಯ ಇಸವಿ ಜುಲೈ 15ರಂದು ಐವರು ಜೆಸುಯಿಟರೂ ಅವರ ಕೆಲವು ಸಂಗಡಿಗರೂ ಅಲ್ಲಿ ಹತರಾದರು. ಪಾದ್ರಿಗಳಲ್ಲಿ ಹಿರಿಯನಾದ ರುಡೋಲ್ಫ್ ಅಕ್ವವೀವಾ ಎಂಬವನು ಕೆಲವು ತಿಂಗಳುಗಳ ಹಿಂದಷ್ಟೇ ಅಕ್ಬರನ ಆಸ್ಥಾನದಿಂದ ಮರಳಿದ್ದನು. ಬಳಿಕ ಪೋರ್ತುಗೀಜರು ಗ್ರಾಮದ ಮುಖಂಡರನ್ನು ಮಾತುಕತೆಗೆಂದು ಅಸೋಳ್ಣೆಯ ಕೋಟೆಗೆ ಕರೆಯಿಸಿ ವಿಚಾರಣೆಯಿಲ್ಲದೆ ಕೊಂದರು. ಎರಡು ಕಡೆಯಲ್ಲಿಯೂ ರಕ್ತ ಬಿದ್ದಿತು. ಊರಿನ ದೇವಿಯಾದ ಕುಂಕಳ್ಳಿಯ ಶಾಂತಾದುರ್ಗೆಯು ಫಾತರ್ಪೆ ಗ್ರಾಮಕ್ಕೆ ಹೋಗಿ ನೆಲಸಿದಳು; ಊರು ಕಾಲಕ್ರಮದಲ್ಲಿ ಹೆಚ್ಚಾಗಿ ಕ್ರೈಸ್ತವಾಯಿತು.

ಇಷ್ಟಕ್ಕೇ ಕಥೆ ಮುಗಿದಿದ್ದರೆ ನಾವು ಇದನ್ನು ಬರೆಯಬೇಕಾಗಿರಲಿಲ್ಲ. ಪ್ರತಿವರ್ಷವೂ ಹೋಳಿಯ ಅನಂತರದ ಪಂಚಮಿಯಂದು ದೇವಿಯ 12 ಛತ್ರಿಗಳು ಫಾತರ್ಪೆಯಿಂದ ಮೆರವಣಿಗೆಯಲ್ಲಿ ಕುಂಕಳ್ಳಿಯ ಹಳೆಯ ಸ್ಥಾನಕ್ಕೆ ಬರುವುವು. ಕೊಂಕಣಿಯಲ್ಲಿ ಇದಕ್ಕೆ 'ಸೋಂತ್ರ್ಯೊ' ಎನ್ನುವರು. 12 ಛತ್ರಿಗಳೆಂದರೆ ಊರಿನ 12 ಮೂಲ ಮನೆತನಗಳ ಗುರುತು. ಆ ಮನೆತನಗಳಲ್ಲಿ ಇಂದು ಹಿಂದೂಗಳೂ ಇದ್ದಾರೆ, ಕ್ರೈಸ್ತರೂ ಇದ್ದಾರೆ. ಗುಲಾಲಿನ ಕೆಂಪಿನಲ್ಲಿ ಇಬ್ಬರೂ ಮುಳುಗಿ ಛತ್ರಿಗಳೊಡನೆ ನಡೆಯುವರು. ಮತವು ಬೇರೆಯಾದರೂ ಮನೆತನದ ಗೌರವವೂ ಊರಿನ ತಾಯಿಯೂ ಬೇರೆಯಾಗಲಿಲ್ಲ. 1583ರ ನೆನಪು ಅಳಿದುಹೋದ ಕಾರಣ ಅವರು ಕೂಡುವರೆಂದು ತಿಳಿಯಬಾರದು. ಸತ್ತ ಮುಖಂಡರ ಸ್ಮಾರಕವನ್ನು ಅದೇ ಊರಿನಲ್ಲಿ ನಿಲ್ಲಿಸಿದ್ದಾರೆ. ನೆನಪನ್ನೂ ಇಟ್ಟುಕೊಂಡು ಹಬ್ಬವನ್ನೂ ಕೂಡಿ ನಡೆಸುವುದು ಅವರಿಗೆ ಸಾಧ್ಯವಾಗಿದೆ.

ಮತಾಂತರದ ಬಳಿಕವೂ ಬಳಕೆಗಳು ಹೇಗೆ ಉಳಿದುವೆಂಬುದಕ್ಕೆ ಇನ್ನೊಂದು ಸಾಕ್ಷಿಯು ಇಂಕ್ವಿಝಿಶನ್ನಿನ ಕಾಗದಗಳಲ್ಲಿಯೇ ಇದೆ. 1736ರಲ್ಲಿ ಅದು ಹೊರಡಿಸಿದ ಆಜ್ಞೆಯೊಂದರಲ್ಲಿ ಕ್ರೈಸ್ತರು ಮಾಡಕೂಡದ ಕೆಲಸಗಳ ಉದ್ದನೆಯ ಪಟ್ಟಿಯುಂಟು. ಮದುವೆಯಲ್ಲಿ ಹಳೆಯ ಹಾಡುಗಳನ್ನು ಹಾಡಬಾರದು. ಹಳೆಯ ಕ್ರಮದಂತೆ ವೀಳ್ಯವನ್ನೂ ಹೂವನ್ನೂ ಹಂಚಬಾರದು. ಮನೆಯಲ್ಲಿ ತುಳಸಿಯನ್ನು ಬೆಳೆಸಬಾರದು. ಹಿಂದೂಗಳಂತೆ ಉಪ್ಪು ಹಾಕದೆ ಅನ್ನವನ್ನು ಬೇಯಿಸಬಾರದು, ಇತ್ಯಾದಿ. ವಿದ್ಯಾರ್ಥಿಗಳೆ, ಚರಿತ್ರೆಯ ಆಧಾರವನ್ನು ಓದುವ ಒಂದು ಜಾಣ್ಮೆಯನ್ನು ಇಲ್ಲಿ ಕಲಿಯಿರಿ. ಯಾರೂ ಮಾಡದ ಕೆಲಸವನ್ನು ಯಾವ ಅಧಿಕಾರಿಯೂ ನಿಷೇಧಿಸುವುದಿಲ್ಲ. 'ಇಲ್ಲಿ ಓಡಬಾರದು' ಎಂಬ ಹಲಗೆ ಶಾಲೆಯಲ್ಲಿದ್ದರೆ ಅಲ್ಲಿ ಮಕ್ಕಳು ಓಡುತ್ತಿದ್ದರೆಂದೇ ಅರ್ಥ. ವಿಚಾರಣೆ ಆರಂಭವಾದ 176 ವರ್ಷಗಳ ಮೇಲೆಯೂ ಆ ಬಳಕೆಗಳು ಕ್ರೈಸ್ತರ ಮನೆಗಳಲ್ಲಿ ಜೀವಂತವಾಗಿದ್ದುವೆಂದು ಆ ಆಜ್ಞೆಯೇ ಸಾರುವುದು.

ಗುಡಿಯ ಮತ್ತು ಇಗರ್ಜಿಯ ನಡುವೆ ಜನರು ಕಟ್ಟಿದ ಸಂಬಂಧಕ್ಕೆ ಉಸಗಾಂವದ ಉತ್ತರಕ್ಕಿರುವ ಡಿಚೋಲಿ ತಾಲೂಕಿನ ಶಿರಗಾಂವವು ಪ್ರಸಿದ್ಧವಾಗಿದೆ. ಅಲ್ಲಿಯ ಲೈರಾಯಿ ದೇವಿಗೆ ವಿಗ್ರಹವಿಲ್ಲ; ಕಲಶವೇ ದೇವಿ. ವೈಶಾಖ ಶುದ್ಧ ಪಂಚಮಿಯಂದು ಅವಳ ಜಾತ್ರೆ. ವ್ರತದಲ್ಲಿದ್ದ ಧೋಂಡರೆಂಬ ಭಕ್ತರು ಕೊರಳಿಗೆ ದುಂಡುಮಲ್ಲಿಗೆಯ ಮಾಲೆಯನ್ನು ಹಾಕಿ, ಕೈಯಲ್ಲಿ ಬಣ್ಣದ ಬೆತ್ತವನ್ನು ಹಿಡಿದು, ನಸುಕಿನಲ್ಲಿ ಕೆಂಡವನ್ನು ಹಾಯುವರು. ಗೋವೆಯವರಷ್ಟೇ ಅಲ್ಲದೆ ಕರ್ನಾಟಕದ, ಮಹಾರಾಷ್ಟ್ರದ ಭಕ್ತರೂ ಬರುವರು. ಜನರು ಹೇಳುವ ಕಥೆಯಂತೆ ಏಳು ಮಂದಿ ಅಕ್ಕತಂಗಿಯರೂ ಖೇತೋಬಾ ಎಂಬ ಒಬ್ಬ ಸೋದರನೂ ಈ ನಾಡಿಗೆ ಬಂದರು. ಲೈರಾಯಿ ಶಿರಗಾಂವದಲ್ಲಿಯೂ, ಕೇಳಬಾಯಿ ಮುಳಗಾಂವದಲ್ಲಿಯೂ, ಮಹಾಮಾಯೆ ಮಯೆಂ ಗ್ರಾಮದಲ್ಲಿಯೂ, ಮೋರಜಾಯಿ ಮೋರಜಿಯಲ್ಲಿಯೂ ನಿಂತರು. ಮೀರಾಬಾಯಿ ಎಂಬವಳು ಮಾಪುಸಾಕ್ಕೆ ಹೋಗಿ ಅಲ್ಲಿಯ ಇಗರ್ಜಿಯ ಮಿಲಾಗ್ರಿಸ್ ಮಾತೆಯಾದಳು!

ಮಾಪುಸಾದ ಸಂತ ಜೆರೋಮರ ಇಗರ್ಜಿಯು 1594ರಲ್ಲಿ ಮೊದಲು ಕಟ್ಟಲ್ಪಟ್ಟುದು. ಈಸ್ಟರಿನ ಅನಂತರದ ಮೂರನೆಯ ಸೋಮವಾರ ಅಲ್ಲಿ ಮಿಲಾಗ್ರಿಸ್ ಮಾತೆಯ ಹಬ್ಬ ನಡೆಯುವುದು. ಹಿಂದೂಗಳೂ ಕ್ರೈಸ್ತರೂ ಸಾಲಿನಲ್ಲಿ ನಿಂತು ಎಣ್ಣೆಯನ್ನೂ ಮೇಣದ ಬತ್ತಿಯನ್ನೂ ಅರ್ಪಿಸುವರು. ಅಕ್ಕತಂಗಿಯರ ನಂಟಿನ ಕುರುಹಾಗಿ ಮಾಪುಸಾದಿಂದ ಶಿರಗಾಂವಕ್ಕೆ ಎಣ್ಣೆಯೂ ಶಿರಗಾಂವದಿಂದ ಮಾಪುಸಾಕ್ಕೆ ಮಲ್ಲಿಗೆಯೂ ಹೋಗುವ ವಾಡಿಕೆಯನ್ನು ಜನ ಹೇಳುವರು. ಈ ಕಥೆಯು ಶಾಸನವಲ್ಲ. ಇದರಿಂದ ಇಸವಿಯನ್ನು ತೆಗೆಯಲಾಗದು. ಆದರೆ ಜನರ ಮನಸ್ಸಿಗೆ ಇದು ಆಧಾರ. ಗುಡಿಯೂ ಇಗರ್ಜಿಯೂ ಎದುರುಬದುರಾದಾಗ ಅವರು ಅವೆರಡನ್ನೂ ಒಂದು ಮಾಡಲು ಹೋಗಲಿಲ್ಲ, ಅಕ್ಕತಂಗಿಯರನ್ನಾಗಿ ಮಾಡಿದರು. ಅಕ್ಕತಂಗಿಯರು ಬೇರೆ ಬೇರೆ ಮನೆಗಳಿಗೆ ಹೋಗುವರು, ಬೇರೆ ಒಲೆ ಹೂಡುವರು. ಹಬ್ಬದ ದಿನ ಮಾತ್ರ ತವರಿನ ಬುತ್ತಿಯನ್ನು ಮರೆಯರು. ಇದನ್ನು ಹೇಳಿಕೊಟ್ಟ ಪಂಡಿತನಾರೂ ಇರಲಿಲ್ಲ.

ದೊಡ್ಡ ಜಾತ್ರೆಗಳನ್ನು ಬಿಟ್ಟು ಮನೆಯ ಒಳಗೆ ಬಂದರೂ ಇದೇ ನೀತಿ ಕಾಣುವುದು. ಗಣೇಶ ಚೌತಿಯಲ್ಲಿ ಗೋವೆಯವರು ದೇವರ ಮೇಲೆ ಮಾಟೋಳಿಯನ್ನು ಕಟ್ಟುವರು. ಕಾಡಿನ ಹಣ್ಣು, ಕಾಯಿ, ಹೂಗಳನ್ನು ತೂಗಿಬಿಟ್ಟ ಮರದ ಚೌಕಟ್ಟು ಅದು. ಚೌತಿಯ ನೇವ್ರಿಗಳು ಕ್ರೈಸ್ತ ನೆರೆಯವರ ಮನೆಗೆ ಹೋಗುವುವು. ಕ್ರಿಸ್‌ಮಸ್ಸಿನಲ್ಲಿ 'ಕೊನ್ಸುವಾದ' ಎಂಬ ತಿಂಡಿಯ ತಟ್ಟೆಯು ಹಿಂದೂ ಮನೆಗೆ ಬರುವುದು. ಅದರಲ್ಲಿಯೂ ನೇವ್ರಿ ಇರುವುದು! ಈ ನೇವ್ರಿ ಬೇರೆಯಲ್ಲ, ನಮ್ಮ ಕರ್ಜಿಕಾಯಿಯೇ. ಭತ್ತದ ಹೊಸ ತೆನೆಯ ಹಬ್ಬವೂ ಹಾಗೆಯೇ. ಹಿಂದೂಗಳು ಚೌತಿಯ ಕಾಲದಲ್ಲಿ ಹೊಸ ತೆನೆಯನ್ನು ಮನೆಗೆ ತರುವರು. ಕ್ರೈಸ್ತರು ಅದೇ ಮಳೆಗಾಲದ ಕೊನೆಯಲ್ಲಿ ತೆನೆಯನ್ನು ಇಗರ್ಜಿಗೆ ಒಯ್ದು ಆಶೀರ್ವಾದ ಮಾಡಿಸುವರು. ಮಂಗಳೂರು ಸೀಮೆಯ ಕೊಂಕಣಿ ಕ್ರೈಸ್ತರು ಸಪ್ಟೆಂಬರ್ 8ರಂದು ಮಾಡುವ ಮೋಂತಿ ಹಬ್ಬವೂ ಹೊಸ ತೆನೆಯ ಹಬ್ಬವೇ. ಅವರಲ್ಲಿ ಬಹುಮಂದಿಯ ಹಿರಿಯರು ಗೋವೆಯಿಂದಲೇ ತೆಂಕಣಕ್ಕೆ ಹೋದವರು. ಭತ್ತವು ಒಂದೇ ಕಾಲಕ್ಕೆ ಹೊಡೆ ಬಿಚ್ಚುವಾಗ ಅದನ್ನು ಬೆಳೆದವರ ಹಬ್ಬಗಳು ದೂರವಾಗುವುದೆಂತು?

ಇನ್ನು ಎರಡನೆಯ ಪ್ರಶ್ನೆ: ಘಟ್ಟದ ಮೇಲಿನಿಂದ ಬಂದವರಿಗೆ ಈ ಜಾತ್ರೆ ತಮ್ಮದೇ? ಇದಕ್ಕೂ ಚರಿತ್ರೆಯನ್ನೇ ಕೇಳೋಣ. ಘಟ್ಟದ ದಾರಿ ನಿನ್ನೆ ಮೊನ್ನೆ ತೆರೆದುದಲ್ಲ. ಗೋವೆಯ ಕದಂಬರು ಕೊಂಕಣ 900ನ್ನೂ ಘಟ್ಟದ ಮೇಲಿನ ಪಲಸಿಗೆ 12,000ವನ್ನೂ ಒಟ್ಟಿಗೆ ಆಳಿದರು. ಪಲಸಿಗೆಯೆಂದರೆ ಇಂದಿನ ಖಾನಾಪುರ ತಾಲೂಕಿನ ಹಲಸಿ. ಬೆಳಗಾವಿ ಧಾರವಾಡ ಸೀಮೆಗಳಲ್ಲಿ ಅವರ ಕಾಲದ ಕನ್ನಡ ಶಾಸನಗಳು ದೊರೆತಿವೆ. ಉಸಗಾಂವದಿಂದ ಮೊಲೆಂ ಕಡೆಗೆ ಹೋಗಿ ಕಾಡಿನೊಳಗೆ ತಿರುಗಿದರೆ ಸಿಗುವ ತಾಂಬಡಿ ಸುರ್ಲಾದ ಮಹಾದೇವ ದೇವಾಲಯವು ಅವರ ಕಾಲದ ಕರಿಕಲ್ಲಿನ ಕೆಲಸ. ಇವರ ಕುಲದೈವವಾದ ಸಪ್ತಕೋಟೀಶ್ವರನೂ ದಿವಾಡಿ ದ್ವೀಪವನ್ನು ಬಿಟ್ಟು ಹೊಳೆ ದಾಟಿದವನೇ. ನಾರ್ವೆಯಲ್ಲಿರುವ ಅವನ ದೇವಾಲಯವನ್ನು ಛತ್ರಪತಿ ಶಿವಾಜಿಯು 1668ರಲ್ಲಿ ಜೀರ್ಣೋದ್ಧಾರ ಮಾಡಿಸಿದನು.

ಇದೇ ಕದಂಬರ ಶಾಸನಗಳಲ್ಲಿ ನಮ್ಮ ಪ್ರಸ್ತುತ ವಿಷಯಕ್ಕೆ ಸಲ್ಲುವ ಒಂದು ರಮ್ಯವಾದ ಸಂಗತಿಯುಂಟು. ಗುಹಲ್ಲದೇವನೆಂಬ ಕದಂಬ ಅರಸನು ಸೋಮನಾಥ ಯಾತ್ರೆಗೆ ಕಡಲಿನಲ್ಲಿ ಹೊರಟಾಗ ಹಡಗು ಕೆಟ್ಟು ಗೋವೆಯ ಬಂದರನ್ನು ಸೇರಿದನು. ಅಲ್ಲಿದ್ದ ಮಧುಮದನೆಂಬ ಅರಬ ದೇಶದ ಸಿರಿವಂತ ವ್ಯಾಪಾರಿಯು ಅವನಿಗೆ ನೆರವಾದನು. ಮಧುಮದನೆಂದರೆ ಮುಹಮ್ಮದ. ಅರಸನ ವಂಶವು ಈ ಉಪಕಾರವನ್ನು ಮರೆಯಲಿಲ್ಲ. 11ನೆಯ ಶತಮಾನದ ನಡುವಿನಲ್ಲಿ ಮೊದಲನೆಯ ಜಯಕೇಶಿಯು ಆ ವ್ಯಾಪಾರಿಯ ಮೊಮ್ಮಗನಿಗೆ ರಾಜ್ಯದಲ್ಲಿ ಅಧಿಕಾರವನ್ನು ಕೊಟ್ಟನು. ಬಂದರಿಗೆ ಬರುವ ಹಡಗುಗಳಿಂದ ಸುಂಕವನ್ನೆತ್ತಿ ಮಸೀದಿಯನ್ನು ನಡೆಸಲು ಅಪ್ಪಣೆಯಿತ್ತನು. ಶಾಸನದಲ್ಲಿ ಮಸೀದಿಗೆ 'ಮಿಜಿಗಿತಿ' ಎಂಬ ಪದವಿದೆ. ಸೋಮನಾಥನ ಯಾತ್ರಿಕನಿಗೆ ಮುಸಲ್ಮಾನನು ಆಸರೆಯಾದನು. ಸಪ್ತಕೋಟೀಶ್ವರನ ಭಕ್ತನು ಮಸೀದಿಗೆ ಆಸರೆಯಾದನು.

ಮತ್ತೊಂದು ಪ್ರಸಂಗವನ್ನು ನೋಡಿರಿ. 18ನೆಯ ಶತಮಾನದಲ್ಲಿ ಫೋಂಡಾ ಸೀಮೆಯು ಸೋದೆಯ ಅರಸರ ಕೈಯಲ್ಲಿದ್ದಿತು. ಸೋದೆ ಇಂದಿನ ಉತ್ತರ ಕನ್ನಡ ಜಿಲ್ಲೆಯ ಶಿರಸಿಯ ಹತ್ತಿರದ ಊರು. ಅದರ ಅರಸರು ಕನ್ನಡಿಗರು. ಹೈದರಾಲಿಯು ಸೋದೆಯನ್ನು ಮುತ್ತಿದಾಗ ಅಲ್ಲಿಯ ಅರಸನು ರಾಜ್ಯವನ್ನು ಕಳೆದುಕೊಂಡು ಗೋವೆಗೆ ಓಡಿಬಂದನು. 1763ರಲ್ಲಿ ಫೋಂಡಾ ಪೋರ್ತುಗೀಜರ ವಶವಾಯಿತು. ಅರಸನ ಮನೆತನವು ಪೋರ್ತುಗೀಜರ ಆಶ್ರಯದಲ್ಲಿ ಬಾಂದಿವಡೆಯಲ್ಲಿ ನೆಲಸಿತು. ರಾಮನಾಥನು ಆಶ್ರಯ ಪಡೆದ ಬಾಂದಿವಡೆ ಇದೇ! 200 ವರ್ಷಗಳ ಹಿಂದೆ ಸಾಷ್ಟಿಯಿಂದ ಬಂದ ದೇವರಿಗೆ ಜಾಗವಿತ್ತ ಊರು ಈಗ ಘಟ್ಟದ ಮೇಲಿನಿಂದ ಬಂದ ಕನ್ನಡ ದೊರೆಗೂ ಜಾಗವಿತ್ತಿತು. ಆ ವೇಳೆಗೆ ಪೋರ್ತುಗೀಜರ ರೀತಿಯೂ ಬದಲಾಗಿತ್ತು. ಹೊಸದಾಗಿ ಸೇರಿದ ಈ ಸೀಮೆಯ ದೇವಸ್ಥಾನಗಳನ್ನೂ ಆಚಾರಗಳನ್ನೂ ಮುಟ್ಟುವುದಿಲ್ಲವೆಂದು ಅವರು ಮಾತು ಕೊಟ್ಟರು. ಫೋಂಡಾದ ದೇವಾಲಯಗಳು ಉಳಿದುವು.

ಹೀಗೆ ಅಂತ್ರುಜ್ ಮಹಾಲಿನಲ್ಲಿ ಮಂಗೇಶನೂ ಬಂದವನೇ, ಮಹಾಲಸೆಯೂ ಬಂದವಳೇ, ಸೋದೆಯ ದೊರೆಯೂ ಬಂದವನೇ. ಕುಮಟಾ, ಅಂಕೋಲಾ, ಮಂಗಳೂರು ಕಡೆಗೆ ಚದುರಿಹೋದ ಸಾರಸ್ವತ ಕುಟುಂಬಗಳು ಇಂದಿಗೂ ಕುಲದೈವದ ದರ್ಶನಕ್ಕೆ ಇಲ್ಲಿಗೆ ಬರುವುವು. ಯಾರು ಮೊದಲು ಬಂದರು, ಯಾರು ಆಮೇಲೆ ಬಂದರು ಎಂಬ ಲೆಕ್ಕದಿಂದ ಇಲ್ಲಿಯ ಜಾತ್ರೆಯ ಒಡೆತನವನ್ನು ನಿರ್ಣಯಿಸಲಾಗದು. ಆದರೆ ಬಂದವನಿಗೆ ಕರ್ತವ್ಯವೂ ಉಂಟೆಂಬುದನ್ನು ನಮ್ಮ ಮಕ್ಕಳಿಗೆ ಹೇಳಬೇಕು. ಹೊಳೆ ದಾಟಿ ಬಂದವರು ಆಶ್ರಯವಿತ್ತ ಊರಿನ ಗ್ರಾಮದೇವತೆಗಳನ್ನು ಕಡೆಗಣಿಸಲಿಲ್ಲ. ನಾವೂ ಈ ನೆಲದ ಕೊಂಕಣಿಯನ್ನು ಚೆನ್ನಾಗಿ ಕಲಿಯಬೇಕು, ಇಲ್ಲಿಯ ರೀತಿಯನ್ನು ಗೌರವಿಸಬೇಕು, ನಮ್ಮ ಕನ್ನಡವನ್ನೂ ಬಿಡದೆ ಉಳಿಸಿಕೊಳ್ಳಬೇಕು. ಎರಡು ಭಾಷೆಗಳನ್ನು ಬಲ್ಲವನು ಎರಡು ಮನೆಗಳ ಬಾಗಿಲನ್ನು ಬಲ್ಲವನು.

ಹಾಗೆ ನೋಡಿದರೆ ಬೇರೆಯವರ ಹಬ್ಬದಲ್ಲಿ ಹೆಗಲು ಕೊಡುವುದು ನಮ್ಮ ಜನಕ್ಕೆ ಹೊಸ ವಿದ್ಯೆಯಲ್ಲ. ಉಸಗಾಂವದ ಕಡೆಗೆ ದುಡಿಯಲು ಬಂದವರ ಮೂಲ ಊರುಗಳು ಹೆಚ್ಚಾಗಿ ಉತ್ತರ ಕರ್ನಾಟಕದಲ್ಲಿವೆ. ಆ ಊರುಗಳಲ್ಲಿ ಮೊಹರಮ್ಮನ್ನು ಅಲಾಯಿ ಹಬ್ಬವೆಂದು ಎಲ್ಲ ಜಾತಿಯವರೂ ನಡೆಸುವರು. ಮುಸಲ್ಮಾನರ ಮನೆಯೇ ಇಲ್ಲದ ಹಳ್ಳಿಯಲ್ಲಿಯೂ ಅಲಾಯಿ ದೇವರನ್ನು ಕೂಡಿಸಿ, ಕನ್ನಡದಲ್ಲಿಯೇ ರಿವಾಯತ ಪದಗಳನ್ನು ಹಾಡಿ, ಕುಣಿಯ ಸುತ್ತ ಹೆಜ್ಜೆ ಹಾಕುವರು. ಹಾವೇರಿ ಜಿಲ್ಲೆಯ ಶಿಶುನಾಳದ ಷರೀಫ ಸಾಹೇಬರು (1819–1889) ಬ್ರಾಹ್ಮಣರಾದ ಗೋವಿಂದ ಭಟ್ಟರನ್ನು ಗುರುವಾಗಿ ಹೊಂದಿದವರು. ಅವರ ಸಮಾಧಿಯ ಬಳಿಯ ಜಾತ್ರೆಗೆ ಇಂದಿಗೂ ಎರಡು ಮತದವರೂ ಹೋಗುವರು. ಈ ಬುತ್ತಿಯನ್ನು ಕಟ್ಟಿಕೊಂಡೇ ನಮ್ಮ ತಂದೆತಾಯಿಗಳು ಘಟ್ಟವನ್ನಿಳಿದರು. ಗೋವೆಯ ಹಬ್ಬದಲ್ಲಿ ನಿಂತಾಗ ಅದನ್ನು ಬಿಚ್ಚಲು ನಾಚಬೇಕಾಗಿಲ್ಲ.

ಶಿಕ್ಷಕ ಬಂಧುಗಳಿಗೆ ಒಂದೆರಡು ಸೂಚನೆಗಳು. ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಒಂದೇ ದಿನದಲ್ಲಿ ಖಾಂಡೆಪಾರದ ಪುರಾತನ ಗುಹೆಗಳಿಗೂ, ಮಂಗೇಶಿಗೂ, ಸಫಾ ಮಸೀದಿಗೂ, ಹತ್ತಿರದ ಒಂದು ಇಗರ್ಜಿಗೂ ಕರೆದೊಯ್ಯಿರಿ. ಮಂಗೇಶಿಯ ಗುಮ್ಮಟವನ್ನೂ ಕಿಟಕಿಗಳನ್ನೂ ಇಗರ್ಜಿಯವುಗಳೊಡನೆ ಹೋಲಿಸಿ ನೋಡಲು ಹೇಳಿರಿ; ಗಾರೆಯ ಕೆಲಸವನ್ನು ಬಲ್ಲ ಕೈಗಳು ಎರಡು ಕಡೆಯಲ್ಲಿಯೂ ಹೇಗೆ ಕೊಟ್ಟು ಕೊಂಡುವೆಂಬುದು ಅವರಿಗೇ ಹೊಳೆಯುವುದು. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ನೆರೆಯ ಬೇರೆ ಮತದ ಹಿರಿಯರೊಬ್ಬರನ್ನು ಕಂಡು, ಅವರ ಬಾಲ್ಯದ ಹಬ್ಬಕ್ಕೆ ಯಾರು ಯಾರು ಬರುತ್ತಿದ್ದರೆಂದು ಕೇಳಿ ಕನ್ನಡದಲ್ಲಿ ಬರೆದು ತರಲಿ. ಅಂತಹ ಬರಹಗಳಿಗೆ ನಮ್ಮ ಪತ್ರಿಕೆಯಲ್ಲಿ ಯಾವಾಗಲೂ ಸ್ಥಳವುಂಟು. ಗುಡಿ ಕೆಡವಿದ ವಿಷಯವನ್ನು ಪಾಠದಲ್ಲಿ ಹೇಳುವಾಗ ಇಸವಿಯನ್ನೂ ಮಾಡಿದವರ ಹೆಸರನ್ನೂ ಸ್ಪಷ್ಟವಾಗಿ ಹೇಳಿರಿ. 'ಅವರು' ಎಂದು ಮಾತ್ರ ಹೇಳಿ ಬಿಡಬೇಡಿರಿ. ಹೆಸರಿಲ್ಲದ ಆ 'ಅವರು' ಎಂಬ ಮಾತು ತರಗತಿಯಿಂದ ಹೊರಬಿದ್ದೊಡನೆ ಪಕ್ಕದ ಬೆಂಚಿನ ಗೆಳೆಯನ ಮೇಲೆ ಹೋಗಿ ಕೂಡುವುದು. ಒಂದು ಸರ್ವನಾಮದ ಅಜಾಗರೂಕತೆಯಿಂದ ಒಂದು ಗೆಳೆತನ ಕೆಡಬಾರದು.

ಸ್ನೇಹವಿದ್ದಲ್ಲಿ ಭೇದವೇ ಇರದೆಂದು ನಾವು ಹೇಳುವುದಿಲ್ಲ. ಲೈರಾಯಿಯ ಭಕ್ತನು ಕೆಂಡವನ್ನು ಹಾಯುವನು, ಮಿಲಾಗ್ರಿಸ್ ಮಾತೆಯ ಭಕ್ತನು ಮೇಣದ ಬತ್ತಿಯನ್ನು ಹಚ್ಚುವನು. ಒಬ್ಬನು ಇನ್ನೊಬ್ಬನಾಗಬೇಕಾದ ಅವಶ್ಯಕತೆಯಿಲ್ಲ. ತನ್ನ ನಂಬಿಕೆಯಲ್ಲಿ ಗಟ್ಟಿಯಾಗಿ ನಿಂತವನೇ ನೆರೆಯವನ ಅಂಗಳಕ್ಕೆ ಅಂಜಿಕೆಯಿಲ್ಲದೆ ಹೋಗಿ ಬರಬಲ್ಲನು. ಆ ವಿದ್ಯಾರ್ಥಿಯ ಎರಡು ಪ್ರಶ್ನೆಗಳಿಗೂ ಅಂತ್ರುಜ್‌ನ ಚರಿತ್ರೆಯು ಕೊಡುವ ಉತ್ತರ ಒಂದೇ: ಈ ನೆಲವು ನಡೆದುದನ್ನು ನೆನಪಿಟ್ಟುಕೊಂಡೇ ಬಂದವರಿಗೆ ಜಾಗವಿತ್ತಿದೆ. ಅದರ ಋಣವನ್ನು ತೀರಿಸಲು ಬೇರೆ ಉಪಾಯವಿಲ್ಲ. ನಾಳೆ ಬರುವವನಿಗೆ ನಾವೂ ಸ್ವಲ್ಪ ಸರಿದು ಜಾಗ ಮಾಡಿಕೊಡಬೇಕು.